ಒಂದು ಹೆರಿಗೆ, ಇಪ್ಪತ್ತು ಸಹಿ

ನಮ್ಮ ರಾಜ್ಯದಲ್ಲಿ ರೋಗಿಗಳಿಗೂ ಬರವಿಲ್ಲ, ನರ್ಸಿಂಗ್ ಕಾಲೇಜುಗಳಿಗೂ ಬರವಿಲ್ಲ. ಎರಡೂ ಒಂದೇ ಕಡೆ ಸಿಗುವುದಕ್ಕೆ ಮಾತ್ರ ಬರ. ಬೆಂಗಳೂರಿನ ಯಾವುದಾದರೂ ಹೊಸ ಬಡಾವಣೆಯ ಮುಖ್ಯರಸ್ತೆಯಲ್ಲಿ ನಿಂತು ತಲೆಯೆತ್ತಿ ನೋಡಿ. ನೆಲಮಹಡಿಯಲ್ಲಿ ಟೈಲ್ಸ್ ಅಂಗಡಿ, ಅದರ ಮೇಲೆ ಜಿಮ್ಮು, ಜಿಮ್ಮಿನ ಮೇಲೆ ಫ್ಲೆಕ್ಸಿನಲ್ಲಿ ನಗುತ್ತಿರುವ ಬಿಳಿ ಕೋಟಿನ ಹುಡುಗಿ, ಪಕ್ಕದಲ್ಲಿ 'ಅಡ್ಮಿಷನ್ ಓಪನ್'. ಆ ಹುಡುಗಿ ಈ ಕಾಲೇಜಿನವಳಲ್ಲ, ಈ ದೇಶದವಳೂ ಅಲ್ಲ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡವಳು. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಈಗ ನರ್ಸಿಂಗ್ ಕಾಲೇಜುಗಳೇ ನೂರಾರು. ಅದರಲ್ಲಿ ಒಳ್ಳೆಯವೂ ಇವೆ. ಅವುಗಳ ಬಗ್ಗೆ ಬರೆದರೆ ವ್ಯಂಗ್ಯ ಹುಟ್ಟುವುದಿಲ್ಲವಾದ್ದರಿಂದ ಇಲ್ಲಿಗೇ ಕೈಮುಗಿದು ಬಿಟ್ಟುಬಿಡುತ್ತೇನೆ.

ನಿಯಮಗಳನ್ನು ಓದಿದರೆ ಮಾತ್ರ ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪುಸ್ತಕದ ಪ್ರಕಾರ ಬಿಎಸ್ಸಿ ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು. ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರು. ಓದಿದವರು, ಇಂಥ ದೇಶದಲ್ಲಿ ಕಾಯಿಲೆ ಬೀಳುವುದೂ ಒಂದು ಭಾಗ್ಯ ಅಂದುಕೊಳ್ಳಬೇಕು.

ಈ ಭಾಗ್ಯ ಕಣ್ಣಾರೆ ಕಾಣುವುದು ಇನ್‌ಸ್ಪೆಕ್ಷನ್ ದಿನ. ಹಿಂದಿನ ರಾತ್ರಿಯೇ ಮಂಚಗಳು ಬಂದಿಳಿಯುತ್ತವೆ. ಮದುವೆಗೆ ಶಾಮಿಯಾನದವರಿಂದ ಪಾತ್ರೆ ತರಿಸಿದ ಹಾಗೆ ಬೆಳಿಗ್ಗೆ ರೋಗಿಗಳೂ ಬರುತ್ತಾರೆ. ಪಕ್ಕದ ಸೈಟಿನಲ್ಲಿ ಮೋಲ್ಡ್ ಹಾಕುತ್ತಿದ್ದವರು ಅಂದು ಮಧ್ಯಾಹ್ನದವರೆಗೆ ಟೈಫಾಯ್ಡ್ ರೋಗಿಗಳು. ದಿನಗೂಲಿ, ಜೊತೆಗೆ ಬಿರಿಯಾನಿ. ಒಂದೇ ಷರತ್ತು, ಸಾಹೇಬರು ವಾರ್ಡಿಗೆ ಬಂದಾಗ ಬಿರಿಯಾನಿ ತಿನ್ನುತ್ತಿರಬಾರದು. ಮೂರನೇ ವರ್ಷದ ವಿದ್ಯಾರ್ಥಿನಿಯರು ಬೇರೆ ಬಣ್ಣದ ಸಮವಸ್ತ್ರ ತೊಟ್ಟು ಸ್ಟಾಫ್ ನರ್ಸುಗಳಾಗುತ್ತಾರೆ. ಮೊದಲ ವರ್ಷದವರು ಮೂರನೇ ವರ್ಷಕ್ಕೆ ಬಡ್ತಿ ಪಡೆಯುತ್ತಾರೆ. ಬೀರುವಿನ ಬೀಗ ತೆಗೆದು ಲಕ್ಷಗಟ್ಟಲೆ ಬೆಲೆಯ ಮ್ಯಾನಿಕಿನ್ ಗೊಂಬೆಯನ್ನು ಮಲಗಿಸುತ್ತಾರೆ. ಅದರ ಮೇಲಿನ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿಲ್ಲ. ತೆಗೆದರೆ ಧೂಳು ಕೂರುತ್ತದೆ. ವಿದ್ಯಾರ್ಥಿಗಳು ಮುಟ್ಟಿದರೆ ಹಾಳಾಗುತ್ತದೆ. ಕಲಿಯುವವರು ಮುಟ್ಟದ ಹಾಗೆ ಕಲಿಕೆಯ ಸಾಮಗ್ರಿಯನ್ನು ಕಾಪಾಡುವುದೇ ಆಡಳಿತ ಮಂಡಳಿಯ ಜಾಣತನ.

ಇದೆಲ್ಲ ಬರೆಯುವವನ ಕುಚೋದ್ಯ ಅನ್ನುವವರು ಮಧ್ಯಪ್ರದೇಶದ ಕಡೆ ನೋಡಬೇಕು. ಅಲ್ಲಿ ಕಟ್ಟಡ, ಆಸ್ಪತ್ರೆ ಯಾವುದೂ ಸರಿಯಿಲ್ಲದ ನರ್ಸಿಂಗ್ ಕಾಲೇಜುಗಳ ಗದ್ದಲ ಹೈಕೋರ್ಟಿನ ಮೆಟ್ಟಿಲೇರಿತು. ಕೋರ್ಟು ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 2024ರ ಮೇ ತಿಂಗಳಲ್ಲಿ, ಕಾಲೇಜುಗಳಿಗೆ 'ಎಲ್ಲ ಸರಿಯಿದೆ' ಎಂದು ವರದಿ ಬರೆದುಕೊಡಲು ಲಂಚ ತಿಂದ ಆರೋಪದ ಮೇಲೆ, ತನಿಖೆಗೆಂದು ಹೋದ ಅಧಿಕಾರಿಗಳನ್ನೇ ಸಿಬಿಐ ಬಂಧಿಸಬೇಕಾಯಿತು. ವಾರ್ಡಿಗೆ ಹೋದವರಿಗೆ ವಾರ್ಡಿನ ರೋಗವೇ ಅಂಟಿತು. ನರ್ಸಿಂಗ್ ಪಠ್ಯದಲ್ಲಿ ಇದಕ್ಕೆ ಕ್ರಾಸ್ ಇನ್‌ಫೆಕ್ಷನ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರುತ್ತದೆ.

ಸ್ವಂತ ಆಸ್ಪತ್ರೆ ಇಲ್ಲದವರು, ಅಥವಾ ಇದ್ದರೂ ಅದರಲ್ಲಿ ರೋಗಿಗಳಿಲ್ಲದವರು, ಹುಡುಗಿಯರನ್ನು ಬಸ್ಸಿಗೆ ತುಂಬಿ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಇದಕ್ಕೆ ಕ್ಲಿನಿಕಲ್ ಪೋಸ್ಟಿಂಗ್ ಎಂದು ಹೆಸರು. ಬೆಳಿಗ್ಗೆ ಆರೂಮುಕ್ಕಾಲಿಗೆ ಬಸ್ಸು, ಡಬ್ಬಿಯಲ್ಲಿ ಹಾಸ್ಟೆಲ್ಲಿನ ಚಿತ್ರಾನ್ನ. ವಾರ್ಡಿನ ಬಾಗಿಲಲ್ಲಿ ಮೊದಲ ತಪಾಸಣೆ ತಲೆಗೂದಲಿನದು. ಬನ್ನು ಗಟ್ಟಿಯಾಗಿರಬೇಕು, ಮೇಲೆ ಕರಿ ನೆಟ್ಟು ಇರಬೇಕು, ಒಂದು ಕೂದಲೂ ಹೊರಗೆ ಇಣುಕಬಾರದು. ಬನ್ನು ಸಡಿಲವಾಗಿದ್ದವಳು ಆ ದಿನ ವಾಪಸ್, ಹಾಜರಿ ಖೋತಾ. ತಿಳಿವಳಿಕೆ ಸಡಿಲವಾಗಿದ್ದರೆ ಚಿಂತೆಯಿಲ್ಲ, ಅದು ನೆಟ್ಟಿನೊಳಗೆ ಕಾಣುವುದಿಲ್ಲ.

ಒಳಗೆ ಮೂವತ್ತು ಹಾಸಿಗೆ. ಅಂದು ಅಲ್ಲಿಗೆ ಪೋಸ್ಟಿಂಗ್ ಬಿದ್ದಿರುವುದು ಒಂದಲ್ಲ, ಮೂರು ಕಾಲೇಜಿನವರಿಗೆ. ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಎಂಬ ನಿಯಮ ವಾರ್ಡಿನೊಳಗೆ ಕಾಲಿಟ್ಟ ಕೂಡಲೇ ಶೀರ್ಷಾಸನ ಹಾಕಿ, ಒಬ್ಬ ರೋಗಿಗೆ ಮೂವರು ವಿದ್ಯಾರ್ಥಿಗಳಾಗುತ್ತದೆ. ಗುಲಾಬಿ ಕೋಟಿನವರು, ನೀಲಿ ಕೋಟಿನವರು, ಬಿಳಿ ಕೋಟಿನವರು ಸರದಿಯ ಮೇಲೆ ಬಂದು ಅದೇ ತೋಳಿಗೆ ಅದೇ ಪಟ್ಟಿ ಸುತ್ತಿ ಗಾಳಿ ಹೊಡೆಯುತ್ತಾರೆ. ಎಂಟನೇ ಬೆಡ್ಡಿನ ತಾತ ಹೊಳೆನರಸೀಪುರದ ಕಡೆಯವರು, ಆಸ್ಪತ್ರೆ ವಾಸ ಅವರಿಗೆ ರೂಢಿಯಾಗಿದೆ. ಹುಡುಗಿ ಹತ್ತಿರ ಬರುವ ಮೊದಲೇ ತೋಳು ಮೇಲೇರಿಸಿ ಕೂತಿದ್ದಾರೆ.

"ಬಾ ಮಗ. ಈ ಕೈ ಬಿಪಿದು, ಈ ಕೈ ಸೂಜಿದು. ಜ್ವರ ನೋಡೋದಾದ್ರೆ ಕಂಕುಳು ಇದು. ಈಗ ತಾನೆ ನೀಲಿ ಕೋಟ್ನೋರು ನೂರಾ ಮೂವತ್ತು ಅಂದ್ರು, ಅದನ್ನೇ ಬರ್ಕೊ. ಸುಮ್ನೆ ಯಾಕೆ ನಿಂಗೂ ಶ್ರಮ, ನಂಗೂ ನೋವು?"

ಹುಡುಗಿ ಬರೆದುಕೊಳ್ಳುತ್ತಾಳೆ. ಅವಳನ್ನು ತಪ್ಪು ಅನ್ನುವವರು, ಆ ಮಧ್ಯಾಹ್ನದೊಳಗೆ ಅವಳು ತುಂಬಿಸಬೇಕಾದ ಪುಸ್ತಕಗಳ ಪಟ್ಟಿ ನೋಡಬೇಕು. ಕೇಸ್ ಬುಕ್, ಡ್ರಗ್ ಬುಕ್, ಪ್ರೊಸೀಜರ್ ಬುಕ್, ಲಾಗ್ ಬುಕ್, ಹೆಲ್ತ್ ಟಾಕ್ ಚಾರ್ಟು. ಇವೆಲ್ಲದರ ಮಹಾರಾಣಿ ನರ್ಸಿಂಗ್ ಕೇರ್ ಪ್ಲಾನ್. ಅಡ್ಡಡ್ಡ ಗೆರೆ ಎಳೆದು ಕಾಲಂ ಮಾಡಿ, ರೋಗಿಯ ತೊಂದರೆ, ನರ್ಸಿಂಗ್ ಡಯಾಗ್ನೋಸಿಸ್, ಗುರಿ, ಮಾಡಿದ ಆರೈಕೆ, ಅದಕ್ಕೆ ಕಾರಣ, ಕೊನೆಗೆ ಫಲಿತಾಂಶ ಬರೆಯಬೇಕು. ಕೆಂಪು ಇಂಕಿನಲ್ಲಿ ಶೀರ್ಷಿಕೆ, ಸ್ಕೇಲಿನಲ್ಲಿ ಗೆರೆ. ಏನೂ ತೋಚದಿದ್ದಾಗ ಎಲ್ಲರ ಕೈ ಹಿಡಿಯುವ ಒಂದು ಡಯಾಗ್ನೋಸಿಸ್ ಇದೆ, ನಾಲೆಡ್ಜ್ ಡೆಫಿಸಿಟ್. ಅಂದರೆ ತನ್ನ ಕಾಯಿಲೆಯ ಬಗ್ಗೆ ರೋಗಿಗೆ ತಿಳಿವಳಿಕೆ ಸಾಲದು. ಮಾಡಿದ ಆರೈಕೆಯ ಕಾಲಂನಲ್ಲಿ 'ರೋಗಿಗೆ ತಿಳಿಹೇಳಲಾಯಿತು'. ಫಲಿತಾಂಶದ ಕಾಲಂನಲ್ಲಿ 'ರೋಗಿಗೆ ತಿಳಿವಳಿಕೆ ಬಂದಿದೆ'. ರೋಗಿ ಹಿಂದಿನ ದಿನವೇ ಡಿಸ್ಚಾರ್ಜ್ ಆಗಿ ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿದ್ದಾನೆ ಎಂಬುದು ಫಲಿತಾಂಶವನ್ನು ಕೆಡಿಸುವುದಿಲ್ಲ. ಜ್ಞಾನಕ್ಕೆ ದೂರ ಎಲ್ಲಿಯದು?

ಬರವಣಿಗೆಯ ನಡುವೆ ಕೈಕೆಲಸಕ್ಕೂ ಅವಕಾಶವಿದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಮುಖ ಅರಳುವುದೇ ಬಸ್ಸು ಬಂದಾಗ.

"ಸ್ಟೂಡೆಂಟ್ಸ್ ಬಂದ್ರಾ? ಸದ್ಯ! ಇಬ್ಬರು ಸ್ಯಾಂಪಲ್ ತಗೊಂಡು ಲ್ಯಾಬಿಗೆ ಹೋಗಿ. ನೀವಿಬ್ಬರು ಫಾರ್ಮಸಿಗೆ ಇಂಡೆಂಟ್ ಕೊಟ್ಟು ಬನ್ನಿ. ನೀನು ನೋಡಮ್ಮ, ಹದಿನಾಲ್ಕನೇ ಬೆಡ್ಡಿನವರನ್ನ ಎಕ್ಸ್‌ರೇಗೆ ತಳ್ಕೊಂಡು ಹೋಗು. ಟ್ರಾಲಿ ಒಂದು ಚಕ್ರ ಬಲಕ್ಕೆ ಎಳೆಯುತ್ತೆ, ನೀನು ಎಡಕ್ಕೆ ಒತ್ತಿ ಹಿಡಿ."

"ಸಿಸ್ಟರ್, ಇವತ್ತು ಕ್ಯಾನುಲಾ ಹಾಕೋದು ಹೇಳ್ಕೊಡ್ತೀನಿ ಅಂದಿದ್ರಿ..."

"ಹೇಳ್ಕೊಡ್ತೀನಿ, ಮೊದಲು ಎಕ್ಸ್‌ರೇ ಮುಗಿಸ್ಕೊಂಡು ಬಾ."

ಎಕ್ಸ್‌ರೇ ಮುಗಿದಾಗ ಸಿಸ್ಟರ್ ಡ್ಯೂಟಿ ಮುಗಿದಿರುತ್ತದೆ. ಆರು ವಾರದ ಪೋಸ್ಟಿಂಗ್ ಮುಗಿಯುವಷ್ಟರಲ್ಲಿ ಹುಡುಗಿಗೆ ಯಾವ ಲಿಫ್ಟು ಕೆಲಸ ಮಾಡುತ್ತದೆ, ಎಕ್ಸ್‌ರೇ ಟೆಕ್ನಿಷಿಯನ್ ಎಷ್ಟು ಹೊತ್ತಿಗೆ ಟೀಗೆ ಹೋಗುತ್ತಾನೆ, ಲ್ಯಾಬಿನ ಕಿಟಕಿಯಲ್ಲಿ ಯಾರನ್ನು ಅಣ್ಣಾ ಎಂದರೆ ವರದಿ ಬೇಗ ಸಿಗುತ್ತದೆ ಎಂಬುದೆಲ್ಲ ಕರತಲಾಮಲಕ. ನರ ಹುಡುಕಿ ಸೂಜಿ ಇಳಿಸುವುದೊಂದು ಬಾಕಿ. ಅದನ್ನು ಮುಂದಿನ ಪೋಸ್ಟಿಂಗಿನಲ್ಲಿ ಕಲಿಯಬಹುದು. ಅಲ್ಲಿಯೂ ಒಂದು ಟ್ರಾಲಿ ಇರುತ್ತದೆ.

ಕಾಲೇಜಿಗೆ ಬಂದರೆ ಮೇಡಂ ಸಿಡಿಯುತ್ತಾರೆ: "ಇಷ್ಟು ದಿನ ವಾರ್ಡಲ್ಲಿ ಏನು ಮಾಡ್ತಿದ್ರಿ?" ವಾರ್ಡಿಗೆ ಹೋದರೆ ಸಿಸ್ಟರ್ ಸಿಡಿಯುತ್ತಾರೆ: "ಕಾಲೇಜಲ್ಲಿ ಏನೂ ಹೇಳ್ಕೊಡಲ್ವಾ ನಿಮಗೆ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎರಡನ್ನೂ ಕೇಳುವುದು ಹುಡುಗಿಯನ್ನು. ಮೇಡಂ ಮತ್ತು ಸಿಸ್ಟರ್ ಪರಸ್ಪರ ಕೇಳಿಕೊಂಡ ದಿನ ನರ್ಸಿಂಗ್ ಶಿಕ್ಷಣ ಸುಧಾರಿಸಿಬಿಡುವ ಅಪಾಯವಿದೆ. ಜೊತೆಗೆ ಬರಬೇಕಾದ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಎಲ್ಲಿ ಎಂದರೆ, ಅವರು ಕಾಲೇಜಿನಲ್ಲಿ ಮುಂದಿನ ಇನ್‌ಸ್ಪೆಕ್ಷನ್ನಿಗೆ ಫೈಲು ತಯಾರಿಸುತ್ತಿದ್ದಾರೆ. ಆ ಫೈಲಿನಲ್ಲಿ ಅವರು ಇದೇ ಹೊತ್ತಿಗೆ ವಾರ್ಡಿನಲ್ಲಿ ಪಾಠ ಮಾಡುತ್ತಿದ್ದಾರೆ.

ಸಿಸ್ಟರನ್ನು ಬೈದರೆ ನಾಲಿಗೆಗೆ ಪಾಪ. ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಎಂಬುದು ಪುಸ್ತಕದ ಲೆಕ್ಕ. ಮೂವತ್ತು ಹಾಸಿಗೆಗೆ ಒಬ್ಬರೋ ಇಬ್ಬರೋ ಎಂಬುದು ಗೋಡೆಯ ಮೇಲಿನ ಡ್ಯೂಟಿ ಚಾರ್ಟಿನ ಲೆಕ್ಕ. ಈ ಎರಡು ಲೆಕ್ಕಗಳ ನಡುವಿನ ಅಂತರಕ್ಕೆ ಆಸ್ಪತ್ರೆಗಳು ಕಂಡುಕೊಂಡ ಮದ್ದೇ ವಿದ್ಯಾರ್ಥಿ. ಸಂಬಳವಿಲ್ಲ, ರಜೆಯ ತಗಾದೆಯಿಲ್ಲ, ಪಿಎಫ್ ಇಲ್ಲ. ಮೇಲಾಗಿ ಇವಳನ್ನು ಕಳಿಸಿದ್ದಕ್ಕೆ ಕಾಲೇಜಿನವರೇ ಆಸ್ಪತ್ರೆಗೆ ತಲೆಗಿಷ್ಟು ಎಂದು ಶುಲ್ಕ ಕಟ್ಟುವುದೂ ಉಂಟು. ಕೂಲಿಯವಳೇ ಕೂಲಿ ಕೊಟ್ಟು ಕೆಲಸ ಮಾಡುವ ಇಂಥ ಏರ್ಪಾಡು ಜಮೀನ್ದಾರಿ ಕಾಲದಲ್ಲೂ ಯಾರಿಗೂ ಹೊಳೆದಿರಲಿಲ್ಲ. ವಿದ್ಯಾರ್ಥಿಗಳಿಗೆ ಪರೀಕ್ಷೆ ಬಂದಾಗ ಕೆಲವು ವಾರ್ಡುಗಳಲ್ಲಿ ತುರ್ತು ಪರಿಸ್ಥಿತಿ ಉಂಟಾಗುವುದೇ ಇದಕ್ಕೆ ಸಾಕ್ಷಿ. ಕಲಿಯುವವರು ಒಂದು ವಾರ ಬಾರದಿದ್ದರೆ ಆಸ್ಪತ್ರೆ ನಿಂತೇ ಹೋಗುತ್ತದೆ ಎಂದಾದರೆ, ಅವರು ಅಲ್ಲಿಗೆ ಕಲಿಯಲು ಬರುತ್ತಿಲ್ಲ ಎಂದಾಯಿತು.

ಗಂಟೆಗಳ ಲೆಕ್ಕದಲ್ಲಿ ವಿಶ್ವವಿದ್ಯಾಲಯಗಳು ಬಲು ನಿಷ್ಠುರ. 2021ರ ಹೊಸ ಪಠ್ಯಕ್ರಮದಲ್ಲಿ ಕ್ಲಾಸಿನಲ್ಲಿ 20 ಗಂಟೆ ಕೂತರೆ ಒಂದು ಕ್ರೆಡಿಟ್, ವಾರ್ಡಿನಲ್ಲಿ 80 ಗಂಟೆ ನಿಂತರೆ ಒಂದು ಕ್ರೆಡಿಟ್. ನಿಂತರೆ ಎಂದು ಸುಮ್ಮನೆ ಹೇಳಲಿಲ್ಲ. ಸ್ಟೂಡೆಂಟ್ಸ್ ವಾರ್ಡಿನಲ್ಲಿ ಕೂರಬಾರದು ಎಂಬುದು ಯಾವ ಪುಸ್ತಕದಲ್ಲೂ ಇಲ್ಲದ, ಎಲ್ಲ ಆಸ್ಪತ್ರೆಗಳಲ್ಲೂ ಇರುವ ನಿಯಮ. ಕೊನೆಯ ಸೆಮಿಸ್ಟರಿನಲ್ಲಿ 22 ವಾರ, ವಾರಕ್ಕೆ 48 ಗಂಟೆಯಂತೆ ಒಟ್ಟು 1056 ಗಂಟೆಗಳ ಇಂಟರ್ನ್‌ಶಿಪ್ಪು. ಅದಕ್ಕೆ ಸ್ಟೈಪೆಂಡು ಎಷ್ಟು ಎಂದು ಕೇಳಿದವಳಿಗೆ "ಸೇವೆ ಮಾಡಲು ಬಂದಿದ್ದೀಯೋ, ದುಡ್ಡು ಮಾಡಲು ಬಂದಿದ್ದೀಯೋ" ಎಂಬ ಮರುಪ್ರಶ್ನೆ ಸಿಗುತ್ತದೆ. ಕೇಳುವವರು ಅದೇ ಕೈಯಲ್ಲಿ ಅವಳ ನಾಲ್ಕನೇ ವರ್ಷದ ಶುಲ್ಕದ ರಸೀದಿ ಹರಿಯುತ್ತಿರುತ್ತಾರೆ.

ಹಾಜರಿ ಇನ್ನೂ ಕಟ್ಟುನಿಟ್ಟು. ಪರೀಕ್ಷೆಗೆ ಕೂರಲು ನೂರಕ್ಕೆ 80ರಷ್ಟು ಸಾಕು. ಆದರೆ ಪದವಿ ಕೈಗೆ ಬರಬೇಕಾದರೆ ಕ್ಲಿನಿಕಲ್ ಹಾಜರಿ ನೂರಕ್ಕೆ ನೂರು. ಡೆಂಗಿ ಬಂದು ಮಲಗಿದರೆ, ಎದ್ದ ಮೇಲೆ ಅಷ್ಟೂ ದಿನದ ಡ್ಯೂಟಿ ರಜೆಯಲ್ಲಿ ಮಾಡಿ ತೀರಿಸಬೇಕು. ಕಾಯಿಲೆಯವರ ಆರೈಕೆ ಕಲಿಸುವ ಕೋರ್ಸಿನಲ್ಲಿ ಕಾಯಿಲೆ ಬೀಳುವುದು ಶಿಸ್ತು ಉಲ್ಲಂಘನೆ.

ಇನ್ನು ಹೆರಿಗೆ ಕೋಣೆಗೆ ಬರೋಣ. ಬಹುಕಾಲ ನಡೆದುಬಂದ ಪಠ್ಯಕ್ರಮದಂತೆ ಪ್ರತಿ ವಿದ್ಯಾರ್ಥಿ ತನ್ನ ಕೈಯಾರೆ 20 ಸಹಜ ಹೆರಿಗೆ ಮಾಡಿಸಿ ಪುಸ್ತಕದಲ್ಲಿ ದಾಖಲಿಸಬೇಕಿತ್ತು. ಒಂದು ಬ್ಯಾಚಿನಲ್ಲಿ 60 ಮಂದಿ ಎಂದರೆ 1200 ಹೆರಿಗೆ. ಅದೇ ಲೇಬರ್ ವಾರ್ಡಿಗೆ ಬರುವ ಬೇರೆ ಕಾಲೇಜುಗಳ ಹುಡುಗಿಯರಿಗೂ ಅಷ್ಟಷ್ಟು, ಎಂಬಿಬಿಎಸ್ ಓದುವವರಿಗೂ ಒಂದಿಷ್ಟು. ಇತ್ತ ಕರ್ನಾಟಕದ ತಾಯಂದಿರು ಏನು ಮಾಡುತ್ತಿದ್ದಾರೆ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದಲ್ಲಿ ಮೂರರಲ್ಲಿ ಒಂದರಷ್ಟು ಹೆರಿಗೆ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಂತೂ ಅರ್ಧಕ್ಕೂ ಹೆಚ್ಚು. ಕಾಲೇಜು ಸಹಜ ಹೆರಿಗೆ ಬೇಕು ಅನ್ನುತ್ತದೆ, ಆಸ್ಪತ್ರೆ ಆಪರೇಷನ್ ಥಿಯೇಟರ್ ತೆರೆದು ಕೂತಿರುತ್ತದೆ. ಎರಡರ ನಡುವೆ ಸಿಕ್ಕ ಹುಡುಗಿ ಹೆರಿಗೆಗಳನ್ನು ಎಲ್ಲಿಂದ ತರಬೇಕು?

ಹಂಚಿಕೊಂಡು. ರಾತ್ರಿ ಎರಡು ಗಂಟೆಗೆ ಒಬ್ಬ ತಾಯಿ ಹೆರುತ್ತಾಳೆ. ಮಂಚದ ಸುತ್ತ ಒಬ್ಬಳು ಟ್ರೇ ಹಿಡಿದಿದ್ದಾಳೆ, ಒಬ್ಬಳು ಕರೆಂಟು ಹೋದರೆ ಇರಲಿ ಎಂದು ಮೊಬೈಲಿನ ಟಾರ್ಚು. ಒಬ್ಬಳಿಗೆ ತಾಯಿಯ ಬೆನ್ನು ನೀವುವ ಕೆಲಸ. ಇನ್ನೊಬ್ಬಳು ಗಡಿಯಾರ ನೋಡಿ ಹೊತ್ತು ಹೇಳುತ್ತಾಳೆ. ಉಳಿದವರು ಹಿಂದಿನ ಸಾಲಿನಲ್ಲಿ ತುದಿಗಾಲಲ್ಲಿ ನಿಂತು ಮುಂದಿನವಳ ಬನ್ನಿನ ಸಂದಿಯಿಂದ ಜೀವಸೃಷ್ಟಿಯ ದರ್ಶನ ಪಡೆಯುತ್ತಾರೆ. ಮಗುವನ್ನು ಹಿಡಿದುಕೊಂಡದ್ದು ಡ್ಯೂಟಿ ಡಾಕ್ಟರು. ಬೆಳಗಾಗುವುದರೊಳಗೆ ಆ ಒಂದು ಮಗು ಇಪ್ಪತ್ತು ಪುಸ್ತಕಗಳಲ್ಲಿ ಇಪ್ಪತ್ತು ಸಲ ಹುಟ್ಟಿ, ಇಪ್ಪತ್ತು ಸಹಿ ಪಡೆದಿರುತ್ತದೆ. ತೂಕ ಎಲ್ಲ ಕಡೆ ಒಂದೇ ಇರಬಾರದೆಂದು ಜಾಣೆಯರು ನೂರು ಗ್ರಾಂ ಹೆಚ್ಚುಕಮ್ಮಿ ಮಾಡುತ್ತಾರೆ. ಈ ಹೆರಿಗೆ ಪುಸ್ತಕಗಳನ್ನೆಲ್ಲ ನಂಬಿ ಜನಗಣತಿ ಮಾಡಿದರೆ ಬೆಂಗಳೂರಿನ ಜನಸಂಖ್ಯೆ ಇಷ್ಟರಲ್ಲಿ ಚೀನಾವನ್ನು ದಾಟಿರಬೇಕಿತ್ತು.

ಗಂಡುಹುಡುಗರ ಪಾಡು ಬೇರೆ. ಅವರ ಪುಸ್ತಕದಲ್ಲೂ ಹೆರಿಗೆಯ ಕಾಲಂ ಇದೆ. ಹೆರಿಗೆ ಕೋಣೆಯ ಬಾಗಿಲಲ್ಲಿ "ಬ್ರದರ್, ನೀವು ಹೊರಗಿರಿ" ಎಂಬ ಆಯಾ ಇದ್ದಾಳೆ. ಒಳಗೆ ಹೆರಿಗೆ ಮಾಡಿಸುವ ಡಾಕ್ಟರು ಗಂಡಸಾದರೆ ಯಾರಿಗೂ ಅಡ್ಡಿಯಿಲ್ಲ, ಸಲೈನ್ ಬಾಟ್ಲಿ ಹಿಡಿದ ಹುಡುಗ ಗಂಡಸಾದರೆ ಮಾತ್ರ ಸಂಸ್ಕೃತಿ ಅಪಾಯದಲ್ಲಿ. ಹಾಗೆಂದು ಬ್ರದರ್‌ಗೆ ಕೆಲಸವಿಲ್ಲವೆಂದಲ್ಲ. ಆಕ್ಸಿಜನ್ ಸಿಲಿಂಡರ್ ಉರುಳಿಸುವಾಗ ಎಲ್ಲರಿಗೂ ಅವನ ನೆನಪಾಗುತ್ತದೆ.

ಭಾಷೆಯ ಸಂಗತಿ ಇದಕ್ಕಿಂತ ಸೊಗಸು. ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದಿಂದ, ಬಂಗಾಳದಿಂದ, ಮಣಿಪುರದಿಂದ ಮಕ್ಕಳು ಬರುತ್ತಾರೆ. ನಾಲ್ಕು ವರ್ಷ ಅವರು ಮುಟ್ಟಿ ನೋಡಬೇಕಾದ ರೋಗಿಗಳು ಮಾತ್ರ ಕನ್ನಡದವರು. ಬಾಗಲಕೋಟೆ ಕಡೆಯ ಅಜ್ಜಿ ಎದೆ ಹಿಡಿದುಕೊಂಡು, "ಯವ್ವಾ, ರಾತ್ರಿಯಿಂದ ಎದ್ಯಾಗ ಒಂದ್ ನಮೂನಿ ಆಗಾಕತ್ತೈತಿ, ಎಡಗೈ ಜೋಮು ಹಿಡದೈತಿ" ಎಂದರೆ, ಕೊಟ್ಟಾಯಂ ಹುಡುಗಿ ಮುದ್ದಾಗಿ ನಕ್ಕು, "ಅಜ್ಜೀ, ಊಟ ಆಯ್ತಾ?" ಎಂದು ತನಗೆ ಬರುವ ಏಕೈಕ ಕನ್ನಡ ವಾಕ್ಯವನ್ನು ಒಪ್ಪಿಸಿ, ಕೇಸ್ ಶೀಟಿನಲ್ಲಿ 'ಪೇಷಂಟ್ ಸ್ಟೇಬಲ್' ಎಂದು ಬರೆಯುತ್ತಾಳೆ. ಪಕ್ಕದಲ್ಲಿ ನಿಂತ ಇಳಕಲ್ಲಿನ ಹುಡುಗಿಗೆ ಅಜ್ಜಿ ಹೇಳಿದ್ದು ಪೂರ್ತಿ ಅರ್ಥವಾಗಿದೆ. ಹಾರ್ಟ್ ಅಟ್ಯಾಕ್ ಇರಬಹುದೆಂಬ ಅನುಮಾನವೂ ಬಂದಿದೆ. ಆದರೆ ರೌಂಡ್ಸಿನಲ್ಲಿ ಡಾಕ್ಟರ ಮುಂದೆ ಇಂಗ್ಲಿಷಿನಲ್ಲಿ ಹೇಳಬೇಕು. ಹೋದ ವಾರ ಹೀಗೇ ಒಂದು ಮಾತು ತಡವರಿಸಿದಾಗ ಎಲ್ಲರೂ ನಕ್ಕಿದ್ದರು. ಅವಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಒಬ್ಬಳಿಗೆ ರೋಗಿ ಅರ್ಥವಾಗುವುದಿಲ್ಲ, ಇನ್ನೊಬ್ಬಳಿಗೆ ಕೇಸ್ ಶೀಟ್ ಬಾಯಿಗೆ ಬರುವುದಿಲ್ಲ. ಇಬ್ಬರನ್ನೂ ಜೋಡಿಸಿ ಕಳಿಸಿದ್ದರೆ ಒಬ್ಬ ಪೂರ್ತಿ ನರ್ಸ್ ಆಗುತ್ತಿತ್ತು. ಆದರೆ ಪೋಸ್ಟಿಂಗ್ ಪಟ್ಟಿ ತಯಾರಾಗುವುದು ರೋಲ್ ನಂಬರಿನ ಮೇಲೆ. ಇದೇ ಹುಡುಗಿಯರು ನಾಳೆ ಜರ್ಮನಿಗೆ ಹೋಗಬೇಕೆಂದರೆ ಬಿ-2 ಮಟ್ಟದ ಜರ್ಮನ್ ಕಲಿಯುತ್ತಾರೆ. ಅಲ್ಲಿಯ ಅಜ್ಜಿಯ ಎದೆನೋವು ಅರ್ಥವಾಗದಿದ್ದರೆ ಆ ದೇಶ ಕೆಲಸ ಕೊಡುವುದಿಲ್ಲ. ನಮ್ಮ ಅಜ್ಜಿಯರಿಗೆ ಅಷ್ಟು ಗತ್ತಿಲ್ಲ.

ಎಲ್ಲಕ್ಕಿಂತ ಗುಟ್ಟಾಗಿ ನಡೆಯುವ ತರಬೇತಿಯೊಂದಿದೆ. ಬಳಸಿದ ಸೂಜಿಯನ್ನು ಚುಚ್ಚಿ ತೂರಲಾಗದ ಬಿಳಿ ಡಬ್ಬಿಗೇ ಹಾಕಬೇಕು ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಹಳದಿ, ಕೆಂಪು, ಬಿಳಿ, ನೀಲಿ, ಯಾವುದಕ್ಕೆ ಯಾವುದು ಎಂದು ಹುಡುಗಿಗೆ ನಿದ್ದೆಯಲ್ಲೂ ಬರುತ್ತದೆ. ವಾರ್ಡಿನಲ್ಲಿ ಬಿಳಿ ಡಬ್ಬಿ ಕತ್ತಿನವರೆಗೆ ತುಂಬಿದೆ, ಹೊಸದು ಸ್ಟೋರಿನಿಂದ ಬಂದಿಲ್ಲ. ಒತ್ತಿ ತುರುಕುವಾಗ ಬೆರಳಿಗೆ ಚುಚ್ಚುತ್ತದೆ. ಪಾಠದ ಪ್ರಕಾರ ತಕ್ಷಣ ಸೋಪು ನೀರಿನಲ್ಲಿ ತೊಳೆದು, ಹೇಳಿ, ರಕ್ತಪರೀಕ್ಷೆ ಮಾಡಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರುಮಾಡುವುದು ಉತ್ತಮ, 72 ಗಂಟೆ ದಾಟಿದರೆ ದಂಡ. ವಾರ್ಡಿನ ಪ್ರಕಾರ ಮೊದಲು ಬೈಗುಳ, ಆಮೇಲೆ ಕಾಲೇಜಿಗೆ ಫೋನು, ಆಮೇಲೆ ಕ್ಷಮಾಪಣೆ ಪತ್ರ, ಅಷ್ಟರ ನಂತರ ಬೆರಳು. ಹುಡುಗಿ ಬೆರಳನ್ನು ಏಪ್ರನ್ ಜೇಬಿನಲ್ಲಿ ಮುಚ್ಚಿಟ್ಟುಕೊಂಡು ಸುಮ್ಮನಾಗುತ್ತಾಳೆ. ತಪ್ಪನ್ನು ಮುಚ್ಚಿಡುವುದನ್ನು ಇಷ್ಟು ಪರಿಣಾಮಕಾರಿಯಾಗಿ ಕಲಿಸುವ ಪಾಠ ಇಡೀ ಪಠ್ಯಕ್ರಮದಲ್ಲಿ ಇನ್ನೊಂದಿಲ್ಲ. ಇಂದು ತನ್ನ ಬೆರಳಿನ ಗಾಯ ಮುಚ್ಚಿಟ್ಟವಳು ನಾಳೆ ರೋಗಿಗೆ ಕೊಟ್ಟ ತಪ್ಪು ಡೋಸನ್ನು ಬಾಯಿಬಿಟ್ಟು ಹೇಳುತ್ತಾಳೆ ಎಂದು ನಂಬಿ ನಾವೆಲ್ಲ ನೆಮ್ಮದಿಯಿಂದ ಅಡ್ಮಿಟ್ ಆಗುತ್ತೇವೆ.

ಈ ಕುಂದುಗಳನ್ನೆಲ್ಲ ಮುಚ್ಚಲು ಒಂದು ಸುಂದರ ಸಮಾರಂಭವಿದೆ. ಅದೇ ಲ್ಯಾಂಪ್ ಲೈಟಿಂಗ್. ಪೋಷಕರು ಊರಿನಿಂದ ಬರುತ್ತಾರೆ, ಮುಖ್ಯ ಅತಿಥಿಗೆ ಮೈಸೂರು ಪೇಟ, ಹುಡುಗಿಯರ ಕೈಯಲ್ಲಿ ದೀಪ. ನರ್ಸ್ ಎಂದರೆ ತಾಯಿ, ನರ್ಸ್ ಎಂದರೆ ದೇವತೆ ಎಂಬ ಭಾಷಣ. ದೇವತೆಗಳಿಗೆ ಊಟ, ಶೌಚಾಲಯ, ಕೂರಲು ಸ್ಟೂಲು, ತಿಂಗಳ ಸಂಬಳ ಬೇಕಿಲ್ಲವಾದ್ದರಿಂದ ಈ ಬಿರುದು ಆಡಳಿತ ಮಂಡಳಿಗಳಿಗೆ ಬಹಳ ಅನುಕೂಲ. 2020ರ ಮಾರ್ಚ್ 22ರ ಸಂಜೆ ಇಡೀ ದೇಶ ತಟ್ಟೆ, ಜಾಗಟೆ ಬಾರಿಸಿದ್ದೂ ಇದೇ ದೇವತೆಗಳಿಗೆ.

ಆ ದೀಪದ ಒಡತಿ ಫ್ಲಾರೆನ್ಸ್ ನೈಟಿಂಗೇಲ್ ಇದನ್ನೆಲ್ಲ ನೋಡಿದ್ದರೆ ಏನನ್ನುತ್ತಿದ್ದರೋ. 1854ರಲ್ಲಿ 38 ನರ್ಸುಗಳನ್ನು ಕಟ್ಟಿಕೊಂಡು ಯುದ್ಧದ ಆಸ್ಪತ್ರೆಗೆ ಹೋದ ಆಕೆ ದೀಪ ಹಿಡಿದದ್ದು ನಿಜ. ಆದರೆ ಸರ್ಕಾರದ ನಿದ್ದೆಗೆಡಿಸಿದ್ದು ಆಕೆಯ ಲೆಕ್ಕ. ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಕೊಳಕು ಆಸ್ಪತ್ರೆಯ ರೋಗಗಳಿಂದ ಸತ್ತದ್ದೇ ಹೆಚ್ಚು ಎಂದು ಅಂಕಿಸಂಖ್ಯೆ ಕೂಡಿಸಿ, 1858ರಲ್ಲಿ ಚಿತ್ರ ಬರೆದು ಮಂತ್ರಿಗಳ ಮುಂದೆ ಹಿಡಿದ ಹೆಂಗಸು ಆಕೆ. 1860ರಲ್ಲಿ ಲಂಡನ್ನಿನಲ್ಲಿ ಆಕೆ ತೆರೆಸಿದ ಶಾಲೆ ಇದ್ದದ್ದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲೇ, ಟೈಲ್ಸ್ ಅಂಗಡಿಯ ಮೇಲಲ್ಲ. ಹುಡುಗಿಯರು ದೀಪ ಹಿಡಿದು ಓದುವ ಪ್ರತಿಜ್ಞೆಯನ್ನೂ ಆಕೆ ಬರೆದದ್ದಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬೇರೆಯವರು ಆಕೆಯ ಹೆಸರಿಟ್ಟು ಬರೆದದ್ದು. ಒಟ್ಟಿನಲ್ಲಿ ಆಕೆಯ ಲೆಕ್ಕ ಬಿಟ್ಟೆವು, ಆಕೆಯ ಶಾಲೆ ಬಿಟ್ಟೆವು, ಫೋಟೊದಲ್ಲಿ ಚೆನ್ನಾಗಿ ಬರುತ್ತದೆಂದು ದೀಪ ಒಂದನ್ನು ಇಟ್ಟುಕೊಂಡೆವು.

ದೀಪ ಆರಿಸಿ ಕೆಲಸಕ್ಕೆ ಸೇರಿದ ಮೇಲೆ? ನರ್ಸುಗಳ ಸಂಬಳದ ಗೋಳು ಸುಪ್ರೀಂ ಕೋರ್ಟಿನವರೆಗೆ ಹೋಗಿ, 2016ರಲ್ಲಿ ಕೋರ್ಟಿನ ಆದೇಶದಂತೆ ತಜ್ಞರ ಸಮಿತಿ ಕೂತು, 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದು, 200 ಹಾಸಿಗೆ ದಾಟಿದರೆ ಸರ್ಕಾರಿ ನರ್ಸಿನಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಆರೋಗ್ಯವಾಗಿದೆ, ಫೈಲಿನಲ್ಲಿ ವಿಶ್ರಾಂತಿ ಪಡೆಯುತ್ತಿದೆ. 1947ರ ಹಳೆಯ ಕಾಯ್ದೆಯನ್ನು ಕಳಚಿ 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಹೊಸ ಕಾಯ್ದೆಯೂ ಬಂತು. ಕಾಯ್ದೆ ಬದಲಾಗಿದೆ, ಟ್ರಾಲಿಯ ಚಕ್ರ ಮಾತ್ರ ಈಗಲೂ ಬಲಕ್ಕೇ ಎಳೆಯುತ್ತಿದೆ.

ಸುಧಾರಣೆಗೆ ಇನ್ನೊಂದು ಸಮಿತಿ ಬೇಡ. ಇದರ ಮರ್ಮ ಇರುವುದು ಒಂದೇ ಕಡೆ. ಕಾಲೇಜಿನ ಅಧ್ಯಕ್ಷರಿಗೆ ಎದೆನೋವು ಬಂದರೆ ಅವರು ತಮ್ಮ ಕಾಲೇಜಿಗೆ ಜೋಡಿಸಿದ ಆಸ್ಪತ್ರೆಗೆ ಹೋಗುವುದಿಲ್ಲ. ಹೋದರೂ "ಸ್ಟೂಡೆಂಟ್ ಬೇಡ, ಎಕ್ಸ್‌ಪೀರಿಯೆನ್ಸ್ ಇರೋ ಸಿಸ್ಟರ್‌ನ ಕಳಿಸಿ" ಅನ್ನುತ್ತಾರೆ. ಅನುಭವಿ ನರ್ಸ್ ಎಲ್ಲರಿಗೂ ಬೇಕು, ಆ ಅನುಭವವಾಗಲು ತೋಳು ಕೊಡಬೇಕಾದವರು ಮಾತ್ರ ಎಂಟನೇ ಬೆಡ್ಡಿನ ತಾತ. ಆದ್ದರಿಂದ ಹೊಸ ಆಯೋಗಕ್ಕೆ ನನ್ನದೊಂದು ಸಣ್ಣ ಸಲಹೆ. ಇನ್‌ಸ್ಪೆಕ್ಷನ್ ದಿನ ಫೈಲು ನೋಡುವುದು, ಹಾಸಿಗೆ ಎಣಿಸುವುದು ಎಲ್ಲ ಬಿಟ್ಟುಬಿಡಿ. ಅಧ್ಯಕ್ಷರು, ಪ್ರಿನ್ಸಿಪಾಲರು, ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಮೂವರೂ ಸಾಲಾಗಿ ಮಲಗಲಿ. ಆ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು, ಚೀಟಿ ಎತ್ತಿ ಬಂದ ಹೆಸರಿನಂತೆ, ಒಬ್ಬೊಬ್ಬರಿಗೆ ಒಂದೊಂದು ಕ್ಯಾನುಲಾ ಹಾಕಲಿ. ಒಂದೇ ಚುಚ್ಚಿಗೆ ನರ ಸಿಕ್ಕರೆ ಐದು ವರ್ಷ ಮಾನ್ಯತೆ. ಎರಡು ಚುಚ್ಚಾದರೆ ಒಂದು ವರ್ಷ. ಮೂರಾದರೆ ಎಚ್ಚರಿಕೆ ಪತ್ರ. ನಾಲ್ಕನೆಯದಕ್ಕೆ ಸಾಹೇಬರೇ ಎದ್ದು ಕಾಲೇಜಿಗೆ ಬೀಗ ಹಾಕುತ್ತಾರೆ, ಲಂಚದ ಮಾತೇ ಏಳುವುದಿಲ್ಲ.

ಇದಕ್ಕೂ ದಾರಿ ಹುಡುಕುತ್ತಾರೆ, ಗೊತ್ತು. ಬೇರೆ ಆಸ್ಪತ್ರೆಯಿಂದ ಹದಿನೈದು ವರ್ಷ ಅನುಭವವಿರುವ ನರ್ಸನ್ನು ಆ ದಿನದ ಮಟ್ಟಿಗೆ ಬಾಡಿಗೆಗೆ ತಂದು, ಸ್ಟೂಡೆಂಟ್ ಏಪ್ರನ್ ತೊಡಿಸಿ, ಬನ್ನು ಕಟ್ಟಿಸಿ ನಿಲ್ಲಿಸುತ್ತಾರೆ. ನಿಲ್ಲಿಸಲಿ ಬಿಡಿ. ಆ ನೆಪದಲ್ಲಾದರೂ ಕ್ಯಾನುಲಾ ಹಾಕುವುದು ಹೇಗೆಂದು ಬಲ್ಲವರೊಬ್ಬರು ಹಾಕಿ ತೋರಿಸಿದ್ದನ್ನು ಆ ಕಾಲೇಜಿನ ಮಕ್ಕಳು ನಾಲ್ಕು ವರ್ಷದಲ್ಲಿ ಮೊದಲ ಸಲ ಹತ್ತಿರದಿಂದ ನೋಡಿದ ಹಾಗಾಗುತ್ತದೆ.